ಆಲ್ಬಮ್‌ಗೆ ಮುಂಚೆ ಒಂದು ಹಾಡು

ಪ್ರಶ್ನೆ: ರಾಕ್ ತಂಡಗಳು ಹೊಸ ಆಲ್ಬಮ್‌ನ ಒಂದು ಹಾಡನ್ನು ಮೊದಲೇ ಹೊರತರುವುದೇಕೆ? ಅದರ ಆಯ್ಕೆ ಹೇಗೆ?

ಉತ್ತರ: ಆಲ್ಬಮ್‌ಗಿಂತ ಕೆಲವು ವಾರ ಮುಂಚೆ, ಕೇಳುಗರ ಗಮನವನ್ನು ಅದರತ್ತ ಸೆಳೆಯಲೆಂದು ಬಿಡುಗಡೆಯಾಗುವ ಮೊದಲ ಬಿಡಿ ಹಾಡನ್ನು ಲೀಡ್ ಸಿಂಗಲ್ ಎನ್ನುತ್ತಾರೆ. ರೇಡಿಯೊ ಪ್ರಸಾರಕ್ಕೆ ಒಗ್ಗುವ ಮೂರು-ನಾಲ್ಕು ನಿಮಿಷಗಳ ಹಾಡನ್ನೇ ಇದಕ್ಕೆ ಆರಿಸುವುದು ವಾಡಿಕೆಯಾದರೂ, ಇಂಡೀ ರಾಕ್, ಅಂದರೆ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹೊರಗೆ ಸ್ವತಂತ್ರ ಸಂಸ್ಥೆಗಳ ಆಶ್ರಯದಲ್ಲಿ ಬೆಳೆದ ಪ್ರಕಾರದ ತಂಡಗಳು ಈ ವಾಡಿಕೆಯನ್ನು ಮುರಿದದ್ದುಂಟು.

ಉದಾಹರಣೆಗೆ, ‘ದ ಸಬರ್ಬ್ಸ್’ ಆಲ್ಬಮ್‌ಗೆ 2011ರಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್‌ನ ಗ್ರ್ಯಾಮಿ ಪಡೆದಿದ್ದ ಮಾಂಟ್ರಿಯಲ್‌ನ ಆರ್ಕೇಡ್ ಫೈರ್ ತಂಡವು 2013ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ರಿಫ್ಲೆಕ್ಟರ್’ ಹಾಡು ಏಳು ನಿಮಿಷಕ್ಕೂ ದೀರ್ಘವಾಗಿದ್ದು, ಇಂಗ್ಲಿಷಿನ ನಡುವೆ ಫ್ರೆಂಚ್ ಸಾಲುಗಳನ್ನೂ, ಗಾಯಕ ಡೇವಿಡ್ ಬೋವಿಯ ಹಿನ್ನೆಲೆ ದನಿಯನ್ನೂ ಒಳಗೊಂಡಿತ್ತು. ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡದ ಜೇಮ್ಸ್ ಮರ್ಫಿ ನಿರ್ಮಾಣದಲ್ಲಿ ಕೈಜೋಡಿಸಿದ್ದ ಈ ಹಾಡಿನಲ್ಲಿ ಗಿಟಾರಿಗಿಂತ ನೃತ್ಯಲಯವೇ ಮುಂದಿದ್ದುದರಿಂದ, ಮುಂದಿನ ತಿಂಗಳು ಬರಲಿದ್ದ ಅದೇ ಹೆಸರಿನ ಜೋಡಿ ಆಲ್ಬಮ್‌ನ ತಿರುವು ಕೇಳುಗರಿಗೆ ಮೊದಲೇ ಮನವರಿಕೆಯಾಯಿತು. ಹೀಗೆ, ಒಳ್ಳೆಯ ಲೀಡ್ ಸಿಂಗಲ್ ಆಲ್ಬಮ್‌ನ ಅತ್ಯಂತ ಮಧುರ ಹಾಡಾಗಿರಬೇಕೆಂದಿಲ್ಲ, ಅದರ ದಿಕ್ಕನ್ನು ತೋರಿದರೆ ಸಾಕು.

ಆದರೆ ಲೀಡ್ ಸಿಂಗಲ್ ಇರಲೇಬೇಕೆಂದೂ ಇಲ್ಲ: ಇಂಗ್ಲೆಂಡಿನ ಆರ್ಕ್ಟಿಕ್ ಮಂಕೀಸ್ ತಂಡವಾದರೋ 2018ರ ಮೇ ತಿಂಗಳಲ್ಲಿ ಬಂದ ತನ್ನ ಆರನೆಯ ಆಲ್ಬಮ್‌ಗೆ ಮುಂಚಿತವಾಗಿ ಒಂದು ಹಾಡನ್ನೂ ಬಿಡುಗಡೆ ಮಾಡಲೇ ಇಲ್ಲ.