ತಿಂಡಿ ಬೇಡ ಅನ್ನೋ ನಾಯಿಗೆ ಏನು ಕೊಡೋದು?

ಪುಣೆಯ ನಮ್ಮ ಮನೆಯಲ್ಲಿರೋ ಕರಿಯ ಬೀದಿಯಿಂದ ಬಂದವನು. ಮನೆಯೊಳಗೆ ಚಿಕನ್ ತುಂಡು ತೋರಿಸಿದ್ರೆ ಕೂರ್ತಾನೆ, ಕೈ ಕೊಡ್ತಾನೆ. ಗೇಟ್ ದಾಟಿದ ಮೇಲೆ ಅದೇ ತುಂಡನ್ನ ಮೂಸಿಯೂ ನೋಡಲ್ಲ. ಹೋದ ಮಳೆಗಾಲದಲ್ಲಿ ಬೆಕ್ಕು ಕಂಡು ಹಗ್ಗ ಕಿತ್ಕೊಂಡು ರಸ್ತೆಗೆ ಓಡಿದ. ನಾನು ಪನೀರ್ ಹಿಡ್ಕೊಂಡು "ಬಾ, ಬಾ" ಅಂತ ಕೂಗ್ತಾನೇ ಇದ್ದೆ. ಆಟೋದವರು ಬ್ರೇಕ್ ಒತ್ತಿದ್ದಕ್ಕೆ ಉಳಿದ.

ಮನೆಯಲ್ಲಿ ತಿಂದು ಹೊರಗೆ ತಿನ್ನದಿದ್ದರೆ ಅದು ಸಾಮಾನ್ಯವಾಗಿ ಹಟವಲ್ಲ. ಹೆದರಿಕೆ ಅಥವಾ ಅತಿಯಾದ ಉದ್ವೇಗ. ಪರೀಕ್ಷೆ ದಿನ ನಮಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತಾ? ಅದಕ್ಕೇ ಮೊದಲು ಗದ್ದಲವಿಲ್ಲದ ಜಾಗ ಹುಡುಕಿ. ಮನೆಯಲ್ಲೂ ಊಟ ಬಿಟ್ಟಿದ್ರೆ ತರಬೇತಿ ಬದಿಗಿಟ್ಟು ಡಾಕ್ಟರಿಗೆ ತೋರಿಸಿ. ಉಪವಾಸ ಕೆಡವಿ ಕಲಿಸೋದು ಮಾತ್ರ ಬೇಡ.

ಡೇವಿಡ್ ಪ್ರೆಮ್ಯಾಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲೇ ಬರೆದಿದ್ದು ಇದು: ಪ್ರಾಣಿ ತಾನಾಗಿ ಹೆಚ್ಚು ಮಾಡೋ ಕೆಲಸವನ್ನ, ಅದು ಕಡಿಮೆ ಮಾಡೋ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ನಮ್ಮವ್ವ ಇದನ್ನ ಓದದೆಯೇ ಬಲ್ಲಳು. "ಮಗ್ಗಿ ಒಪ್ಪಿಸು, ಆಮೇಲೆ ಆಡಾಕ ಹೋಗು" ಅಂತಿದ್ಲು.

ಹಾಗಾಗಿ ಒಂದು ವಾರ ಕರಿಯ ಏನು ಮಾಡ್ತಾನೆ ಅಂತ ಸುಮ್ಮನೆ ನೋಡಿದೆ. ಸೊಸೈಟಿ ಮೂಲೆಯ ಗುಲ್‌ಮೊಹರ್ ಬುಡ ಮೂಸೋದೇ ಅವನ ಪೇಪರ್ ಓದು! ಈಗ ಉದ್ದ ಹಗ್ಗ ಕಟ್ಟಿ, ಒಂದೇ ಸಲ "ಬಾ" ಅಂತೀನಿ. ತಿರುಗಿ ಬಂದ ತಕ್ಷಣ "ಶಭಾಷ್, ಹೋಗು" ಅಂತ ಅವನ ಜೊತೆ ಮರದತ್ತ ಓಡ್ತೀನಿ. ಒಂದೆರಡು ಸೆಕೆಂಡಿನೊಳಗೆ ಬಹುಮಾನ ಸಿಗಬೇಕು, ತಡವಾದ್ರೆ ಯಾವುದಕ್ಕೆ ಸಿಕ್ತು ಅಂತ ಅವನಿಗೆ ತಿಳಿಯಲ್ಲ. ಕರೆದಾಗೆಲ್ಲ ಹಿಡಿದು ಮನೆಗೆ ಎಳ್ಕೊಂಡು ಹೋಗ್ತಿದ್ದೆ ಮುಂಚೆ. ಪಾಪ, "ಬಾ" ಅಂದ್ರೆ ಆಟ ಮುಗೀತು ಅಂತಲೇ ಕಲಿತಿದ್ದ.

ಇನ್ನೊಂದು ಬಹುಮಾನ ಹಳೇ ಟವೆಲ್ ಎಳೆದಾಟ. ವಾಸನೆ ಹಿಡಿಯೋ ಪೊಲೀಸ್ ನಾಯಿಗಳಲ್ಲೂ ಎಷ್ಟೋ ಬರೀ ಚೆಂಡಿಗಾಗಿ ದುಡಿಯುತ್ತವೆ. ತಲೆ ಸವರೋದನ್ನ ಬಹುಮಾನ ಅಂದ್ಕೊಂಡಿದ್ದೆ. ನಮ್ಮವನು ತಲೆ ತಗ್ಗಿಸಿ ಹಿಂದೆ ಸರೀತಿದ್ದ, ನನಗೇ ಕಂಡಿರಲಿಲ್ಲ.

ಮತ್ತೆ, ಕರೆಯೋ ಮಾತು ಎಲ್ಲರದ್ದೂ ಒಂದೇ ಇರಲಿ. ವಾಚ್‌ಮನ್ "ಯೇ", ಮಗಳು "ಕಮ್", ಅವ್ವ "ಬಾರೋ" ಅಂದ್ರೆ ನಾಯಿ ಮೂರು ಭಾಷೆ ಕಲೀಬೇಕಾ?

ಮೂರು ತಿಂಗಳಾಯ್ತು. ಪಾರಿವಾಳ ಬಿಟ್ಟು ಬರ್ತಾನೆ. ಬೆಕ್ಕು ಕಂಡರೆ ಇನ್ನೂ ನಂಬಿಕೆ ಇಲ್ಲ, ಹಗ್ಗ ಬಿಚ್ಚಿಲ್ಲ.