ಮೊದಲ ಕ್ರಮವಿಧಿಯ ಪಾಠ

ಗಣಕಯಂತ್ರವು ನಾವು ಬರೆದುದನ್ನು ನಡೆಸುವುದೇ ಹೊರತು ಮನಸ್ಸಿನಲ್ಲಿ ಎಣಿಸಿದುದನ್ನಲ್ಲ. ಮೊದಲ ಬಾರಿಗೆ ಪ್ರೋಗ್ರಾಮ್, ಎಂದರೆ ಕ್ರಮವಿಧಿ, ಬರೆಯುವ ವಿದ್ಯಾರ್ಥಿಗೆ ಇದು ತಿಳಿಯುವುದು ತಪ್ಪುಗಳ ಮೂಲಕವೇ.

ಯಂತ್ರವನ್ನು ಕಟ್ಟಿದವರ ಅನುಭವವೂ ಇದೇ. 1949ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸಾಕ್ ಗಣಕಯಂತ್ರವನ್ನು ನಿರ್ಮಿಸಿದ ತಂಡದ ನಾಯಕ ಮಾರಿಸ್ ವಿಲ್ಕ್ಸ್, ಅವಕಲ ಸಮೀಕರಣವೊಂದನ್ನು ಬಿಡಿಸಲು ಕ್ರಮವಿಧಿಯನ್ನು ರಚಿಸಿದರು. ಅದರ 126 ಸಾಲುಗಳಲ್ಲಿ ಸುಮಾರು 20 ತಪ್ಪುಗಳಿದ್ದುವು! ತಮ್ಮ ಉಳಿದ ಆಯುಷ್ಯದ ಬಹುಭಾಗವು ಸ್ವಂತ ತಪ್ಪುಗಳನ್ನು ಹುಡುಕುವುದರಲ್ಲೇ ಕಳೆಯುವುದೆಂದು ಅವರಿಗೆ ಮನದಟ್ಟಾಯಿತು.

ಆದರೂ ಅವರು ಕೈಚೆಲ್ಲಲಿಲ್ಲ. ಮೇಲಿಂದ ಮೇಲೆ ಬೇಕಾಗುವ ಲೆಕ್ಕಗಳನ್ನು ಚಿಕ್ಕ ಉಪಕ್ರಮವಿಧಿಗಳಾಗಿ ಬರೆದು, ಪರೀಕ್ಷಿಸಿ, ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿಡುವ ಪದ್ಧತಿಯನ್ನು ಅವರ ತಂಡವು ಬೆಳೆಸಿತು. ವಿದ್ಯಾರ್ಥಿ ಮಿತ್ರರೇ, ತಪ್ಪು ಕಂಡಿತೆಂದು ನಾಚಬೇಡಿರಿ. ಕೆಲಸವನ್ನು ತುಂಡುಗಳಾಗಿ ಒಡೆಯಿರಿ. ಉತ್ತರ ಮೊದಲೇ ತಿಳಿದಿರುವ ಲೆಕ್ಕವನ್ನಿತ್ತು ಪ್ರತಿ ತುಂಡನ್ನೂ ಪರೀಕ್ಷಿಸಿರಿ.