ಹ್ಯಾಟಿ ತತ್ತಿಗೆ ಬಂದೈತಿ

ಯಲಬುರ್ಗಾ ಸೀಮೆಯ ಎರೆ ಹೊಲಗಳಲ್ಲಿ ಹೆಸರು ಬಿಡಿಸುವ ದಿನಗಳು. ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಡುವ ಮೊದಲು ಹಿತ್ತಲಿಗೊಮ್ಮೆ ಹೋಗಿ ಕೋಳಿ ಮುಚ್ಚಿದ ಬುಟ್ಟಿ ಎತ್ತುತ್ತಾರೆ. ಹುಂಜ ಮೈ ಜಾಡಿಸಿ ಸೀದಾ ತಿಪ್ಪಿಗೆ ಹೋಗುತ್ತದೆ. ಹಳೆಯ ಕೋಳಿಗಳು ಅದರ ಬೆನ್ನು ಹತ್ತುತ್ತವೆ. ಕೆಂಪು ಮೈಯ ಒಂದು ಎಳೆ ಹ್ಯಾಟಿ ಮಾತ್ರ ಮನೆಯ ಹಿಂಬದಿಗೆ ಬಂದು ನಿಂತಿದೆ. ಕತ್ತು ಓರೆ ಮಾಡಿ ಗೋಡೆಯನ್ನು ನೋಡುತ್ತದೆ. ಯುಗಾದಿಗೆ ಬಳಿದ ಸುಣ್ಣ ಮಳೆಗೆ ನೆನೆದು ಹಕ್ಕಳೆ ಎದ್ದಿದೆ. ಅದರ ಅಂಚಿಗೆ ಕೊಕ್ಕು ಹಾಕಿ ಚೂರು ಕಿತ್ತು ನುಂಗುತ್ತದೆ, ಮತ್ತೊಂದು ಕೀಳುತ್ತದೆ.

ಮನೆಯಾಕೆ ಕಸಬರಿಗೆ ಹಿಡಿದವಳು ಹಾಗೇ ನಿಂತು ಅತ್ತೆಯನ್ನು ಕರೆದಳು. “ಅತ್ತಿ, ಇಲ್ಲಿ ನೋಡ ಬಾ. ಗ್ವಾಡಿ ಸುಣ್ಣ ಕುಕ್ಕಾಕತ್ತೈತಿ.”

ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಏಳಲಿಲ್ಲ. “ಹಂಗಾರ ದೂರಿಲ್ಲ ಬಿಡವಾ. ಎಂಟ ಹದಿನೈದ ದಿನದಾಗ ತತ್ತಿಗೆ ಬರತೈತಿ.”

ಮುದುಕಿಯ ಲೆಕ್ಕ ಪಶುವೈದ್ಯರ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ತತ್ತಿಯ ಚಿಪ್ಪು ಬಹುತೇಕ ಬರೀ ಸುಣ್ಣ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅಷ್ಟನ್ನು ಒಂದೇ ರಾತ್ರಿಯಲ್ಲಿ ಮೇವಿನಿಂದ ಒದಗಿಸಲು ಕೋಳಿಗೆ ಆಗದು. ಆದ್ದರಿಂದ ಮೊದಲ ತತ್ತಿಗೆ ಎರಡು ವಾರ ಇರುವಾಗಲೇ ಅದು ತನ್ನ ಕಾಲಿನ ಮೂಳೆಗಳ ಪೊಳ್ಳಿನಲ್ಲಿ ಸುಣ್ಣ ಕೂಡಿಡಲು ತೊಡಗುತ್ತದೆ. ಗೋಡೆ ಕುಕ್ಕುವುದು, ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಹೆಕ್ಕುವುದು ಆ ಹಸಿವಿನಿಂದಲೇ. ಈ ವೇಳೆಯಲ್ಲಿ ಒಣಗಿಸಿ ಪುಡಿ ಮಾಡಿದ ಹಳೆಯ ತತ್ತಿ ಚಿಪ್ಪನ್ನೋ ಸುಣ್ಣಕಲ್ಲಿನ ಚೂರನ್ನೋ ಒಂದು ಬಟ್ಟಲಿನಲ್ಲಿ ಬೇರೆಯಾಗಿ ಇಟ್ಟರೆ ಸಾಕು, ತನಗೆ ಎಷ್ಟು ಬೇಕೋ ಅಷ್ಟನ್ನು ಹ್ಯಾಟಿಯೇ ತಿನ್ನುತ್ತದೆ. ಮೇವಿನೊಳಗೆ ಕಲಸಿದರೆ ಬೇಡದ ಮರಿಗಳ ಹೊಟ್ಟೆಗೂ ಹೋಗುತ್ತದೆ, ಅದು ಅವುಗಳ ಮೂತ್ರಪಿಂಡಕ್ಕೆ ಕೆಡುಕು.

ಗುರುತು ಇದೊಂದೇ ಅಲ್ಲ. ತಿಂಗಳ ಹಿಂದೆ ತಿಳಿಗುಲಾಬಿಯಾಗಿದ್ದ ಜುಟ್ಟು ಈಗ ಕೆಂಪೇರಿದೆ. ಮನೆಯಾಕೆ ಮೆಲ್ಲಗೆ ಹಿಂದಿನಿಂದ ಹೋಗಿ ಬೆನ್ನ ಮೇಲೆ ಕೈ ಚಾಚಿದರೆ ಹ್ಯಾಟಿ ಓಡುವುದಿಲ್ಲ, ರೆಕ್ಕೆ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ. ಹಿಡಿದೆತ್ತಿ ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡುತ್ತಾಳೆ. ಎಳೆಯದಿದ್ದಾಗ ಅಲ್ಲಿ ಒಂದು ಬೆರಳೂ ಹಿಡಿಯದು. ಈಗ ಎರಡು ಸಲೀಸಾಗಿ ಕೂಡುತ್ತವೆ.

ಶಿವರಾತ್ರಿಯ ಆಸುಪಾಸಿನಲ್ಲಿ ಒಡೆದ ಮರಿ ಇದು. ಜವಾರಿ ಹ್ಯಾಟಿ ತತ್ತಿಗೆ ಬರಲು ಆರೇಳು ತಿಂಗಳು ಬೇಕೇ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ತಳಿಗಳು ಇದಕ್ಕಿಂತ ಬೇಗ ಬರುತ್ತವೆ, ಹೆಚ್ಚೂ ಇಡುತ್ತವೆ. ಜವಾರಿ ಕೋಳಿ ವರ್ಷಕ್ಕೆ 50–60 ತತ್ತಿ ಕೊಟ್ಟರೆ ಸ್ವರ್ಣಧಾರಾ ಅದರ ಮೂರು ಪಟ್ಟು ಕೊಟ್ಟೀತು. ಆದರೂ ಈ ಓಣಿಯಲ್ಲಿ ಜವಾರಿಯನ್ನು ಯಾರೂ ಬಿಟ್ಟಿಲ್ಲ. ಅದು ತಾನೇ ಕಾವಿಗೆ ಕೂರುತ್ತದೆ, ತಾನೇ ಮರಿ ಮಾಡುತ್ತದೆ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಮರಿ ಕೊಳ್ಳಲು ಮತ್ತೆ ಮತ್ತೆ ದುಡ್ಡು ಎಣಿಸಲಾಗದ ಮನೆಗೆ ಈ ಗುಣಕ್ಕಿಂತ ದೊಡ್ಡ ಇಳುವರಿ ಬೇರೆ ಇಲ್ಲ ಎಂದೇ ನನ್ನ ಎಣಿಕೆ.

ತತ್ತಿ ಇಡುವ ದಿನ ಹ್ಯಾಟಿಯ ಚಡಪಡಿಕೆ ನೋಡಬೇಕು. ಬೆಳಗಿನಿಂದ ಮೇವಿನ ಮೇಲೆ ಮನಸ್ಸಿಲ್ಲ. ಗಂಟಲಲ್ಲೇ ಕೊರಗುತ್ತ ಪಡಸಾಲೆಗೆ ಬರುತ್ತದೆ, ಜೋಳದ ಚೀಲಗಳ ಸಂದಿಯಲ್ಲಿ ತಲೆ ತೂರಿಸುತ್ತದೆ. ಓಡಿಸಿದರೆ ಕುಳ್ಳಿನ ಒಟ್ಟಿನ ಹಿಂದೆ, ಅಲ್ಲಿಂದ ಕಣಿಕಿ ಬಣವಿಯ ಬುಡಕ್ಕೆ. ಕತ್ತಲಿರಬೇಕು, ಮೆತ್ತಗಿರಬೇಕು, ಯಾರ ಕಣ್ಣಿಗೂ ಬೀಳಬಾರದು. ಮೂಲೆಯಲ್ಲಿ ಮನೆಯಾಕೆ ಹಳೆಯ ಪುಟ್ಟಿಯೊಂದಕ್ಕೆ ಬೂದಿ ಹಾಕಿ, ಮೇಲೆ ಒಣಹುಲ್ಲು ಹಾಸಿ, ಹಳೆಯ ಕೋಳಿಯ ಒಂದು ತತ್ತಿಯನ್ನು ಗುರುತಿಗೆ ಬಿಟ್ಟಿದ್ದಾಳೆ. ಹ್ಯಾಟಿ ಅದನ್ನು ಇಣುಕಿ ನೋಡಿ ಹೊರಬಂತು, ಮತ್ತೆ ಹೋಯಿತು. ಕಡೆಗೆ ಅದು ಆರಿಸಿಕೊಂಡಿದ್ದು ಎತ್ತಿನ ಗ್ವಾದಲಿ. ಎತ್ತುಗಳು ಹೊಲಕ್ಕೆ ಹೋಗಿದ್ದವು, ತಿಂದುಳಿದ ಹೊಟ್ಟು ಬೆಚ್ಚಗಿತ್ತು. ಹೊಟ್ಟನ್ನು ಎದೆಯಿಂದ ಒತ್ತಿ ತಿರುಗಿ ತಿರುಗಿ ಗುಳಿ ಮಾಡಿಕೊಂಡಿತು. ಕಡ್ಡಿ ಕಚ್ಚಿ ಬೆನ್ನ ಮೇಲೆ ಎಸೆದುಕೊಂಡಿತು. ಬಹಳ ಹೊತ್ತು ಅಲುಗದೆ ಕೂತು, ಆಮೇಲೆ ಅರ್ಧ ಎದ್ದು ನಿಂತು, ಪುಕ್ಕ ಉಬ್ಬಿಸಿ, ಬಾಲ ತಗ್ಗಿಸಿ ತಿಣುಕಿತು. ತತ್ತಿ ಬಿತ್ತು. ಬಿದ್ದಾಗ ಅದು ಒದ್ದೆ. ಮೇಲಿನ ತೇವ ನೋಡುತ್ತಿರುವಂತೆಯೇ ಆರಿ ತೆಳು ಪೊರೆಯಾಗಿ ಚಿಪ್ಪಿನ ರಂಧ್ರಗಳನ್ನು ಮುಚ್ಚುತ್ತದೆ. ತತ್ತಿಯನ್ನು ತೊಳೆದಿಡಬಾರದು ಎನ್ನುವುದು ಇದಕ್ಕೇ. ತೊಳೆದರೆ ಆ ಕಾವಲು ಹೋಗಿ ಬೇಗ ಕೆಡುತ್ತದೆ. ಸ್ವಲ್ಪ ಹೊತ್ತಿಗೆ ಹ್ಯಾಟಿ ಗ್ವಾದಲಿಯ ಅಂಚಿಗೆ ಹಾರಿ ಓಣಿಗೆಲ್ಲ ಕೇಳುವಂತೆ ಕೂಗಿತು. ತಿಪ್ಪಿಯ ಮೇಲಿಂದ ಹುಂಜ ದನಿಗೂಡಿಸಿತು.

ಆ ತತ್ತಿ ಗೋಲಿಗಿಂತ ಸ್ವಲ್ಪ ದೊಡ್ಡದೆನ್ನಬೇಕು. ಮೊದಲ ದಿನಗಳಲ್ಲಿ ಹಾಗೆಯೇ. ಒಂದು ಸಣ್ಣದು, ಮತ್ತೊಂದು ಉದ್ದ, ಒಮ್ಮೆ ಎರಡು ಭಂಡಾರದ್ದು, ಒಮ್ಮೆ ಚಿಪ್ಪೇ ಇಲ್ಲದೆ ಬರೀ ಪೊರೆಯಲ್ಲಿ ಜೋತಾಡುವಂಥದ್ದು. ಮೇಲೆ ರಕ್ತದ ಗೆರೆ ಕಂಡರೆ ಹೊಸಬರು ಗಾಬರಿಯಾಗುತ್ತಾರೆ. ಭಂಡಾರ ಬಿಡುಗಡೆಯಾದಾಗಿನಿಂದ ತತ್ತಿ ಹೊರಬೀಳುವತನಕ ಒಂದು ದಿನಕ್ಕೂ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅದರಲ್ಲಿ 20 ತಾಸು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಎಳೆಯ ಮೈ ಈ ಕೆಲಸಕ್ಕೆಲ್ಲ ಹೊಂದಿಕೊಳ್ಳಲು ಕೆಲವು ವಾರ ಬೇಕು. ಆಮೇಲೂ ಮೆತ್ತನೆಯ ತತ್ತಿಯೇ ಬರುತ್ತಿದ್ದರೆ ಸುಣ್ಣ ಸಾಲದು ಎಂದು ತಿಳಿಯಬೇಕು.

ಮೇವಿಗೆ ಈ ಕೊಪ್ಪಳ ಜಿಲ್ಲೆಯಲ್ಲಿ ಬರವಿಲ್ಲ. ಕುಷ್ಟಗಿಯ ಮಸಾರಿ ಹೊಲದ ಸಜ್ಜೆ, ಎರೆಯ ಬಿಳಿಜೋಳ, ತುಂಗಭದ್ರೆಯ ಎಡದಂಡೆ ಕಾಲುವೆ ನೀರುಣಿಸುವ ಗಂಗಾವತಿ ಭಾಗದ ಗಿರಣಿಗಳಿಂದ ಬರುವ ನುಚ್ಚು, ತವಡು. ಕೋಳಿ ಮನುಷ್ಯನ ಬಳಿ ಬಂದದ್ದೇ ಇಂಥ ಕಾಳಿನ ಆಸೆಗೆ ಎನ್ನುತ್ತಾರೆ ಸಂಶೋಧಕರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕುಕೋಳಿಯ ಅತ್ಯಂತ ಹಳೆಯ ಖಚಿತ ಕುರುಹನ್ನು ಥಾಯ್ಲೆಂಡಿನ ಬಾನ್ ನೋನ್ ವಾಟ್‌ನಲ್ಲಿ ಗುರುತಿಸಿತು. ಭತ್ತ, ಸಿರಿಧಾನ್ಯ ಬೆಳೆಯುವ ಹೊಲಗಳೇ ಕಾಡುಕೋಳಿಯನ್ನು ಊರಿಗೆ ಸೆಳೆದವು ಎಂದಿತು. ಆದರೆ ತತ್ತಿಗೆ ಬಂದ ಹ್ಯಾಟಿಗೆ ಬರೀ ಕಾಳು ಸಾಲುವುದಿಲ್ಲ. ತಿಪ್ಪಿಯ ಹುಳು, ಗೆದ್ದಲು, ಒಂದು ಹಿಡಿ ಶೇಂಗಾ ಹಿಂಡಿ ಬೇಕು. ಬಿಳಿಜೋಳವನ್ನೇ ತಿಂದರೆ ಭಂಡಾರ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಹಸಿರು ಸೊಪ್ಪು ಮೇಯ್ದಾಗ, ಗೋವಿನಜೋಳ ಸಿಕ್ಕಾಗ ಅದು ಕಡುಹಳದಿಗೆ ತಿರುಗುತ್ತದೆ.

ಕಷ್ಟದ ಕಾಲ ಬೇಸಗೆ. ಏಪ್ರಿಲ್, ಮೇನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗೆ ಏದುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ, ಚಿಪ್ಪು ತೆಳುವಾಗುತ್ತದೆ. ಬೇವಿನ ನೆರಳಲ್ಲಿ ಒಂದು ಮಣ್ಣಿನ ಪರಿಯಾಣ ಇಟ್ಟು ದಿನಕ್ಕೆರಡು ಸಲ ತಣ್ಣೀರು ತುಂಬಿಸುವುದು ಆಗ ಎಲ್ಲ ಔಷಧಿಗಿಂತ ಮೇಲು. ತತ್ತಿಯ ಮುಕ್ಕಾಲು ಪಾಲು ನೀರೇ ತಾನೆ.

ಸಂತೆಯಲ್ಲಿ ಜವಾರಿ ತತ್ತಿಗೆ ಫಾರಂ ತತ್ತಿಗಿಂತ ಒಳ್ಳೆಯ ಬೆಲೆ. ಆ ದುಡ್ಡು ಹೆಂಗಸರ ಸೆರಗಿನ ಗಂಟಿಗೇ ಹೋಗುತ್ತದೆ. ಮಗಳ ನೋಟ್‌ಬುಕ್ಕಿಗೆ, ಗುಳಿಗೆಗೆ ಯಾರನ್ನೂ ಕೇಳಬೇಕಿಲ್ಲ. ಮಕ್ಕಳು ತಿನ್ನಲೆಂದು ಮಾರದೆ ಮನೆಯಲ್ಲೇ ಉಳಿಸುವವರೂ ಇದ್ದಾರೆ. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿದಾಗ ವಿರೋಧ ಎದ್ದಿತ್ತು. ನಮಗೆ ಮೊಟ್ಟೆ ಬೇಕು ಎಂದು ದಿಟ್ಟವಾಗಿ ಮಾತಾಡಿದ ಗಂಗಾವತಿಯ ಶಾಲಾ ಹುಡುಗಿಯ ವಿಡಿಯೊವನ್ನು ನಾಡೆಲ್ಲ ನೋಡಿತು. ಆ ಹುಡುಗಿಯ ಮಾತಿನಲ್ಲಿ ನ್ಯಾಯವಿತ್ತು. ಶಾಲೆಗೆ ಹೋಗುವ ಮಕ್ಕಳಿಗೆ ಶಾಲೆ ಕೊಡುತ್ತದೆ. ಇನ್ನೂ ಶಾಲೆ ಮೆಟ್ಟಲೇರದ ಕೂಸಿಗೆ, ಬಾಣಂತಿಗೆ ಹಿತ್ತಲ ಹ್ಯಾಟಿಯೂ ಒಂದು ಆಸರೆ.

ಶ್ರಾವಣದಲ್ಲಿ ಎಷ್ಟೋ ಮನೆಗಳು ತತ್ತಿ ಮುಟ್ಟುವುದಿಲ್ಲ. ಆ ತಿಂಗಳ ತತ್ತಿಗಳು ಕಾವಿಗೆ ಉಳಿಯುತ್ತವೆ. ಮುದುಕಿ ಅವುಗಳನ್ನು ಸಜ್ಜೆಯ ಗಡಿಗೆಯಲ್ಲಿ ಹೂತಿಡುತ್ತಾಳೆ. ವಾರ ದಾಟಿದ್ದನ್ನು ಕಾವಿಗೆ ಇಡುವುದಿಲ್ಲ. ಹೊಸ ಹ್ಯಾಟಿಯ ಸಣ್ಣ ತತ್ತಿಗಳನ್ನೂ ಬೇರೆ ಮಾಡುತ್ತಾಳೆ: “ಸಣ್ಣ ತತ್ತಿ ಸಣ್ಣ ಮರಿ ಹಾಕ್ತಾವ, ಬದುಕಂಗಿಲ್ಲ.” ಅನುಭವಿ ಕೋಳಿಯ ಕೆಳಗೆ ಹತ್ತು ಹನ್ನೆರಡು ಇಟ್ಟು 21 ದಿನ ಕಾಯುತ್ತಾರೆ.

ಹೀಗೆ ಒಡೆದ ಮರಿಗಳಿಗೆ ದೀಪಾವಳಿಯ ಹೊತ್ತಿಗೆ ಎಂಟು ವಾರ ತುಂಬುತ್ತಾ ಬರುತ್ತದೆ. ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಅದೇ ಸರಿಯಾದ ವೇಳೆ. ಹಸಿರು ಬೇಧಿ, ತಿರುಚಿದ ಕತ್ತು, ಒಂದೇ ವಾರದಲ್ಲಿ ಬರಿದಾಗುವ ಬುಟ್ಟಿ: ಆ ರೋಗ ಬಂದ ಮೇಲೆ ಮದ್ದಿಲ್ಲ. ತತ್ತಿಗೆ ಬಂದ ಮೇಲೆ ಈ ಲಸಿಕೆ ಹಾಕಿಸಿದರೆ ಕೆಲ ದಿನ ತತ್ತಿ ಕಡಿಮೆಯಾಗುತ್ತದೆ, ಆದ್ದರಿಂದ ಮೊದಲೇ ಮುಗಿಸಬೇಕು. ಒಂದು ಸೀಸೆ ನೂರಾರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಯಬೇಕು. ಎಂಟು ಹತ್ತು ಕೋಳಿ ಇರುವ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಕೇಳಿದರೆ ಕೆಲಸ ಆಗದಿರುವುದು ಇದಕ್ಕೇ. ಓಣಿಯವರೆಲ್ಲ ಕೂಡಿ ಪಶು ಆಸ್ಪತ್ರೆಗೆ ಮೊದಲೇ ಹೇಳಿ, ಒಂದು ಸಂಜೆ ಗೊತ್ತು ಮಾಡಿ, ಕೋಳಿಗಳು ಗೂಡು ಸೇರಿದ ಮೇಲೆ ಎಲ್ಲ ಮನೆಯಲ್ಲೂ ಹಾಕಿಸಿಬಿಡಿ.